ಸಿನಿಮಾದ ಮನೆಯಲ್ಲಿ ತೀರ್ಮಾನ ಯಾರದು? ಹೆಣ್ಣು, ಕುಟುಂಬ ಮತ್ತು ಸ್ತ್ರೀವಾದಿ ನೋಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾವನ್ನು ಪ್ರೀತಿಯಿಂದ ನೋಡುವವರು, ವಿಮರ್ಶೆ ಬರೆಯಲು ಹೊರಟ ವಿದ್ಯಾರ್ಥಿಗಳು, ಫಿಲ್ಮ್ ಸೊಸೈಟಿ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕನ್ನಡದವು, ಬೇಕಾದ ಕಡೆ ಹೊರಗಿನವು. ಕೆಲವು ಚಿತ್ರಗಳ ಕೊನೆಯನ್ನೂ ಹೇಳಬೇಕಾಗಿದೆ, ಏಕೆಂದರೆ ಒಂದು ಚಿತ್ರ ತನ್ನ ನಾಯಕಿಯ ಬಗ್ಗೆ ನಿಜವಾಗಿ ಏನು ಯೋಚಿಸುತ್ತದೆ ಎಂಬುದು ಬಯಲಾಗುವುದೇ ಅಲ್ಲಿ.

ಸ್ತ್ರೀವಾದಿ ಕಣ್ಣಿನಿಂದ ಸಿನಿಮಾ ನೋಡುವುದು ಎಂದರೆ ಏನು?

ತೆರೆಯ ಮೇಲಿನ ಹೆಣ್ಣು ಒಳ್ಳೆಯವಳೋ ಕೆಟ್ಟವಳೋ ಎಂದು ತೂಗುವುದನ್ನು ಬಿಟ್ಟು, ಅವಳ ಬದುಕಿನ ತೀರ್ಮಾನಗಳನ್ನು ಯಾರು ಮಾಡುತ್ತಿದ್ದಾರೆ ಎಂದು ಗಮನಿಸುವುದು. ಅವಳು ಯಾರ ಮಗಳು, ಯಾರ ಹೆಂಡತಿ, ಯಾರ ತಾಯಿ ಎಂಬುದು ನಮಗೆ ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ. ಅವಳಿಗೆ ಏನು ಬೇಕು ಎಂಬುದು ಎಷ್ಟೋ ಚಿತ್ರಗಳಲ್ಲಿ ಕೊನೆಯವರೆಗೂ ಗೊತ್ತಾಗುವುದಿಲ್ಲ. ಸ್ತ್ರೀವಾದಿ ವಿಮರ್ಶೆ ಕೈ ಇಡುವುದು ಅಲ್ಲಿಗೆ.

ಹೆಣ್ಣು ಹೆಣ್ಣಾಗಿ ಹುಟ್ಟುವುದಿಲ್ಲ, ಆಗುತ್ತಾ ಹೋಗುತ್ತಾಳೆ ಎಂದು ಫ್ರಾನ್ಸಿನ ಚಿಂತಕಿ ಸಿಮೊನ್ ದ ಬೊವಾ 1949ರಲ್ಲಿ ಬರೆದರು. ಹಾಗೆ 'ಆಗಿಸುವ' ಕೆಲಸವನ್ನು ಮನೆ, ಶಾಲೆ, ದೇವಸ್ಥಾನಗಳ ಜೊತೆಗೆ ಸಿನಿಮಾ ಕೂಡ ಮಾಡುತ್ತದೆ. ಮದುವೆಯಾದ ಹೆಣ್ಣು ಹೇಗೆ ನಿಲ್ಲಬೇಕು, ಎಷ್ಟು ಸಹಿಸಬೇಕು, ಯಾವಾಗ ಅಳಬೇಕು ಎಂಬುದನ್ನು ನಮ್ಮಲ್ಲಿ ಎಷ್ಟೋ ಜನ ಪಾಠದ ಪುಸ್ತಕಕ್ಕಿಂತ ಮೊದಲು ತೆರೆಯ ಮೇಲೆ ನೋಡಿ ಕಲಿತಿದ್ದೇವೆ.

ಸಿನಿಮಾ ಮನರಂಜನೆಗಲ್ಲವೇ? ಎಲ್ಲದರಲ್ಲೂ ಹುಳುಕು ಹುಡುಕಬೇಕೇ?

ಹುಳುಕು ಹುಡುಕುವುದು ಉದ್ದೇಶವಲ್ಲ. ಮನಸ್ಸಿಗೆ ತಟ್ಟಿದ ಚಿತ್ರವನ್ನೇ ಎರಡನೇ ಸಲ, ನಿಧಾನವಾಗಿ ನೋಡುವುದು ಇದು. ನಾವು ಅತ್ತ ಜಾಗ, ಚಪ್ಪಾಳೆ ಹೊಡೆದ ಜಾಗ ಯಾವುದು, ಯಾಕೆ ಎಂದು ಕೇಳಿಕೊಂಡರೆ ಚಿತ್ರದ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ.

'ಪುರುಷ ನೋಟ' ಎಂಬ ಮಾತು ಎಲ್ಲಿಂದ ಬಂತು?

ಬ್ರಿಟನ್ನಿನ ವಿಮರ್ಶಕಿ ಲಾರಾ ಮಲ್ವಿ 1975ರಲ್ಲಿ 'ಸ್ಕ್ರೀನ್' ಪತ್ರಿಕೆಯಲ್ಲಿ ಬರೆದ ಒಂದು ಪ್ರಬಂಧದಿಂದ. ಹಾಲಿವುಡ್ಡಿನ ಜನಪ್ರಿಯ ಚಿತ್ರಗಳಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬ ಏರ್ಪಾಡು ಇದೆ ಎಂದು ಅವರು ವಾದಿಸಿದರು. ಚಿತ್ರೀಕರಿಸುವ ಕ್ಯಾಮೆರಾ, ಕಥೆಯೊಳಗಿನ ನಾಯಕ, ಕತ್ತಲಲ್ಲಿ ಕೂತ ಪ್ರೇಕ್ಷಕ ಮೂವರೂ ಒಂದೇ ದಿಕ್ಕಿನಲ್ಲಿ ನೋಡುತ್ತಾರೆ. ಹೆಣ್ಣು ಬಂದಾಗ ಕಥೆ ನಿಂತು ದೇಹ ಮುಂದೆ ಬರುತ್ತದೆ. ಗಂಡು ಬಂದಾಗ ಕಥೆ ಮತ್ತೆ ನಡೆಯಲು ಶುರುವಾಗುತ್ತದೆ.

ನಮ್ಮಲ್ಲಿ ಇದಕ್ಕೆ ಹಾಡು ಒಳ್ಳೆಯ ಪುರಾವೆ. ಹೀರೋ ಎಂಟ್ರಿಯಲ್ಲಿ ಮೊದಲು ಕಾಣುವುದು ಬೂಟು, ಮುಷ್ಟಿ, ಆಮೇಲೆ ಮುಖ. ಅವನು ಏನು ಮಾಡಬಲ್ಲ ಎಂಬುದರ ಸೂಚನೆ ಅದು. ಹೀರೋಯಿನ್ ಎಂಟ್ರಿಯಲ್ಲಿ ಸೊಂಟ, ಕೂದಲು, ತುಟಿ. ಅವಳು ಹೇಗೆ ಕಾಣುತ್ತಾಳೆ ಎಂಬುದಷ್ಟೇ ಸೂಚನೆ. ಅದೇ ಹುಡುಗಿ ದ್ವಿತೀಯಾರ್ಧದಲ್ಲಿ ಸೊಸೆಯಾಗಿ ಬಂದಾಗ ಕ್ಯಾಮೆರಾ ಇದ್ದಕ್ಕಿದ್ದಂತೆ ಮರ್ಯಾದಸ್ಥನಾಗಿ ಮುಖ, ತಾಳಿ, ದೀಪ ಇವಿಷ್ಟನ್ನೇ ತೋರಿಸುತ್ತದೆ. ಹುಡುಗಿಯನ್ನು ನೋಡುವ ಕಣ್ಣು ಬೇರೆ, ಹೆಂಡತಿಯನ್ನು ನೋಡುವ ಕಣ್ಣು ಬೇರೆ. ಎರಡರಲ್ಲೂ ಅವಳು ಯಾರನ್ನು ನೋಡುತ್ತಿದ್ದಾಳೆ ಎಂಬುದು ನಮಗೆ ತಿಳಿಯುವುದಿಲ್ಲ.

ಈ ವಾದಕ್ಕೆ ಬಂದ ತಿದ್ದುಪಡಿಗಳಲ್ಲಿ ಮುಖ್ಯವಾದದ್ದು ಅಮೆರಿಕದ ಲೇಖಕಿ ಬೆಲ್ ಹುಕ್ಸ್ ಅವರದು. ತೆರೆಯ ಮೇಲಿನ ಬಿಳಿಯ ನಾಯಕಿಯಲ್ಲಿ ತನ್ನನ್ನು ಕಾಣಲಾಗದ ಕಪ್ಪು ಹೆಂಗಸು ಆ ಚಿತ್ರವನ್ನು ಎದುರು ನಿಂತೇ ನೋಡುತ್ತಾಳೆ ಎಂದು ಅವರು 1992ರಲ್ಲಿ ಬರೆದರು. ಪ್ರೇಕ್ಷಕಿ ಎಂದರೆ ಒಬ್ಬಳೇ ಅಲ್ಲ ಎಂಬ ಈ ಮಾತು ಜಾತಿ, ಧರ್ಮಗಳಿರುವ ನಮ್ಮ ಸಮಾಜಕ್ಕೂ ನೇರವಾಗಿ ತಾಗುತ್ತದೆ.

ಬೆಕ್ಡೆಲ್ ಪರೀಕ್ಷೆ ಪಾಸಾದರೆ ಅದು ಸ್ತ್ರೀವಾದಿ ಚಿತ್ರವೇ?

ಅಲ್ಲ. ಅಮೆರಿಕದ ಕಾಮಿಕ್ ಕಲಾವಿದೆ ಅಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ಕಾಮಿಕ್ ಸ್ಟ್ರಿಪ್ ಒಂದರಲ್ಲಿ ಬರೆದ ನಿಯಮ ಅದು: ಚಿತ್ರದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ಒಂದು ಚಿತ್ರರಂಗ ಒಟ್ಟಾರೆ ಎಲ್ಲಿದೆ ಎಂದು ಅಳೆಯಲು ಇದು ಉಪಯೋಗಕ್ಕೆ ಬರುತ್ತದೆ, ಒಂದೊಂದು ಚಿತ್ರದ ಬೆಲೆ ಕಟ್ಟಲು ಸಾಲದು. ಗಿರೀಶ್ ಕಾಸರವಳ್ಳಿಯವರ 'ದ್ವೀಪ'ದಲ್ಲಿ ಹೆಚ್ಚಿನ ಹೊತ್ತು ನಾಗಿ ಒಬ್ಬಳೇ ಹೆಣ್ಣು. ಆದರೂ ಕನ್ನಡದಲ್ಲಿ ಹೆಣ್ಣಿನ ದುಡಿಮೆಯ ಬಗ್ಗೆ ಅಷ್ಟು ನೇರವಾಗಿ ಮಾತಾಡಿದ ಚಿತ್ರಗಳು ಕೆಲವೇ ಕೆಲವು.

ನಮ್ಮ ಸಿನಿಮಾದಲ್ಲಿ ತಾಯಿಯನ್ನು ದೇವರಂತೆ ತೋರಿಸುತ್ತಾರಲ್ಲ, ಅದು ಗೌರವವಲ್ಲವೇ?

ಗೌರವವೇ. ಆದರೆ ಆ ಗೌರವಕ್ಕೆ ಒಂದು ಷರತ್ತಿದೆ: ತಾಯಿ ತನಗಾಗಿ ಏನನ್ನೂ ಕೇಳಬಾರದು. ಹಸಿದು ಮಗನಿಗೆ ಉಣಿಸುವ ತಾಯಿ, ಮಗನ ಗೆಲುವಿಗಾಗಿ ಕಣ್ಣು ಕಳೆದುಕೊಳ್ಳುವ ತಾಯಿ, ಮಗನ ಮಡಿಲಲ್ಲಿ ಪ್ರಾಣ ಬಿಡುವ ತಾಯಿಯನ್ನು ನಾವು ಬೇಕಾದಷ್ಟು ನೋಡಿದ್ದೇವೆ. ತನ್ನ ಪಾಡಿಗೆ ಪೇಟೆಗೆ ಹೋಗಿ ಬಂದ ತಾಯಿ, ಗೆಳತಿಯ ಜೊತೆ ನಗುತ್ತಾ ಕೂತ ತಾಯಿ, ಮಗನ ಮಾತಿಗೆ 'ಆಗಲ್ಲಪ್ಪ' ಅಂದ ತಾಯಿ ಎಷ್ಟು ಸಲ ಕಂಡಿದ್ದಾಳೆ?

ಮೆಹಬೂಬ್ ಖಾನ್ ಅವರ 'ಮದರ್ ಇಂಡಿಯಾ' (1957) ಈ ಮಾದರಿಯ ತುತ್ತತುದಿ. ಊರಿನ ಹುಡುಗಿಯೊಬ್ಬಳ ಮಾನ ಕಾಪಾಡಲು ರಾಧಾ ತನ್ನ ಹೆತ್ತ ಮಗನನ್ನೇ ಗುಂಡಿಟ್ಟು ಕೊಲ್ಲುತ್ತಾಳೆ. ಆ ಕ್ಷಣದಲ್ಲಿ ಅವಳಿಗಿರುವ ಶಕ್ತಿ ಅಪಾರ. ಆದರೆ ಅದು ಊರಿನ ಮರ್ಯಾದೆಯ ಪರವಾಗಿ ಚಲಾಯಿಸಿದ ಶಕ್ತಿ. ಗಂಡ ಬಿಟ್ಟುಹೋದ ಮೇಲೆ ವರ್ಷಗಟ್ಟಲೆ ನೊಗ ಹೊತ್ತ ಹೆಂಗಸಿಗೆ ತನಗೇನು ಬೇಕಿತ್ತು ಎಂದು ಹೇಳುವ ಅವಕಾಶ ಅಷ್ಟು ದೊಡ್ಡ ಚಿತ್ರದಲ್ಲೂ ಸಿಗುವುದಿಲ್ಲ.

ಇದರ ಪಕ್ಕದಲ್ಲಿ ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' ನೋಡಿ. 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಚಿತ್ರ. ಶಾಲೆಯಲ್ಲಿ ಅಡುಗೆ ಮಾಡುವ ಶಿವಮ್ಮ ನೆಟ್‌ವರ್ಕ್ ಮಾರ್ಕೆಟಿಂಗ್‌ನ ಪೌಷ್ಟಿಕ ಪುಡಿಗೆ ಕೂಡಿಟ್ಟ ದುಡ್ಡು ಹಾಕುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ಅವಳು ಹಟಮಾರಿ, ಸುಳ್ಳು ಹೇಳುತ್ತಾಳೆ, ಊರವರ ಬೈಗುಳ ತಿನ್ನುತ್ತಾಳೆ, ಮಾರನೆಯ ದಿನ ಮತ್ತೆ ಹೊರಡುತ್ತಾಳೆ. ಅವಳು ತಪ್ಪು ಮಾಡಬಲ್ಲಳು ಎಂದು ಒಪ್ಪಿಕೊಂಡದ್ದರಿಂದಲೇ ಚಿತ್ರ ಅವಳನ್ನು ಒಬ್ಬ ಪೂರ್ತಿ ಮನುಷ್ಯಳನ್ನಾಗಿ ನಮ್ಮ ಮುಂದೆ ನಿಲ್ಲಿಸುತ್ತದೆ. ಪೂಜೆಗಿಂತ ದೊಡ್ಡ ಗೌರವ ಇದು ಎಂದು ನನ್ನ ನಂಬಿಕೆ.

ಪುಟ್ಟಣ್ಣ ಕಣಗಾಲರ ಚಿತ್ರಗಳು ಸ್ತ್ರೀವಾದಿಯೇ?

ಕನ್ನಡದಲ್ಲಿ ಈ ಚರ್ಚೆ ಎಲ್ಲಿ ಶುರುವಾದರೂ ಇಲ್ಲಿಗೆ ಬಂದು ಸೇರುತ್ತದೆ. ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲಾಗದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ನೆನಪಿಡಬೇಕಾದದ್ದು ಆ ನಾಯಕಿಯರು ಎಲ್ಲಿಂದ ಬಂದರು ಎಂಬುದು. 'ಬೆಳ್ಳಿಮೋಡ' (1967) ಮತ್ತು 'ಶರಪಂಜರ' ತ್ರಿವೇಣಿಯವರ ಕಾದಂಬರಿಗಳು. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು. ಮನೆಯೊಳಗೆ ಕೂತು, ಮನೆಯೊಳಗಿನ ಹೆಣ್ಣಿನ ಮನಸ್ಸನ್ನು ಬರೆದ ಲೇಖಕಿಯರ ಪೀಳಿಗೆ ಇಲ್ಲದಿದ್ದರೆ ನಟಿ ಕಲ್ಪನಾ ಅವರಿಗೆ ಆ ಪಾತ್ರಗಳು ಸಿಗುತ್ತಿರಲಿಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ, 1963ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿ ಈ ಎರಡೂ ಚಿತ್ರಗಳನ್ನು ನೋಡಲಿಲ್ಲ. ಬಾಣಂತಿಯ ಮನಸ್ಸಿನ ಕಾಯಿಲೆಯ ಬಗ್ಗೆ 'ಶರಪಂಜರ' ಬರೆದದ್ದು ಅವರೇ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

'ಬೆಳ್ಳಿಮೋಡ'ದ ಇಂದಿರೆಯನ್ನು ಮೋಹನ ಮೆಚ್ಚಿದ್ದು ಅವಳು ಎಸ್ಟೇಟಿಗೆ ಒಬ್ಬಳೇ ವಾರಸುದಾರಳು ಎಂಬ ಕಾರಣಕ್ಕೆ. ಮನೆಯಲ್ಲಿ ಗಂಡು ಮಗು ಹುಟ್ಟಿತು, ಆಸ್ತಿ ಕೈತಪ್ಪಿತು, ಮೋಹನ ಹಿಂದೆ ಸರಿದ. ಮುಂದೆ ಅವನು ಗಾಯಗೊಂಡು ಬಿದ್ದಾಗ ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಯಾಗುತ್ತೇನೆ ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಗಂಡಸು ಪಶ್ಚಾತ್ತಾಪ ಪಟ್ಟ ಮೇಲೆ ಹೆಣ್ಣು ಕರಗಲೇಬೇಕು ಎಂಬ ನಿಯಮವಿದ್ದ ಕಾಲದಲ್ಲಿ, ಸೇವೆ ಬೇರೆ ಒಪ್ಪಿಗೆ ಬೇರೆ ಎಂದು ಆ ಹುಡುಗಿ ಬಿಡಿಸಿ ತೋರಿಸಿದಳು. ಆ ಕೊನೆಗಾಗಿ ಪುಟ್ಟಣ್ಣನವರಿಗೆ ನಾನು ಎಂದಿಗೂ ಋಣಿ.

'ಶರಪಂಜರ'ದ ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಗುಣವಾಗಿದೆ, ಆದರೆ ಮನೆಯವರ ಕಣ್ಣಿನಲ್ಲಿ ಗುಣವಾಗಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿದರೂ ಅನುಮಾನ. ಗಂಡನಿಗೆ ಬೇರೆ ಸಂಬಂಧವಿದೆ ಎಂದು ಗೊತ್ತಾದಾಗ ಅವಳಿಗೆ ಬರುವ ನ್ಯಾಯವಾದ ಕೋಪಕ್ಕೂ ಕಾಯಿಲೆಯ ಹೆಸರು. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಅವಳನ್ನು ಎರಡನೇ ಸಲ ಹುಚ್ಚಿಯನ್ನಾಗಿ ಮಾಡಿದ್ದು ಕುಟುಂಬ ಎಂದು ಚಿತ್ರ ಯಾವ ಮುಲಾಜೂ ಇಲ್ಲದೆ ಹೇಳುತ್ತದೆ. ಮನೆ ಎಂಬುದು ಹೆಣ್ಣಿಗೆ ಸುರಕ್ಷಿತ ಜಾಗ ಎಂಬ ನಂಬಿಕೆಯನ್ನು ಅಷ್ಟು ಜನಪ್ರಿಯ ಚಿತ್ರವೊಂದು ಅಲುಗಾಡಿಸಿದ್ದು ಸಣ್ಣ ಮಾತಲ್ಲ.

ಹಾಗಾದರೆ ತಕರಾರು ಏನು? ಪುಟ್ಟಣ್ಣನವರ ನಾಯಕಿಯರು ಪದ್ಧತಿಯನ್ನು ಪ್ರಶ್ನಿಸುತ್ತಾರೆ, ಆದರೆ ಬೆಲೆ ತೆರುವವರೂ ಅವರೇ. 'ಗೆಜ್ಜೆಪೂಜೆ'ಯ ಚಂದ್ರಾ ಮರ್ಯಾದೆಯ ಸಂಸಾರ ಬಯಸಿ ಸಾವಿನಲ್ಲಿ ಮುಗಿಯುತ್ತಾಳೆ. 'ನಾಗರಹಾವು' (1972) ಚಿತ್ರದಲ್ಲಿ ಮನೆಯವರ ಒತ್ತಾಯಕ್ಕೆ ಬೇರೆ ಮದುವೆಯಾದ ಅಲಮೇಲು ವೇಶ್ಯಾವಾಟಿಕೆಗೆ ತಲುಪುತ್ತಾಳೆ. ಪ್ರೇಕ್ಷಕರು ಕರವಸ್ತ್ರ ಒದ್ದೆ ಮಾಡಿಕೊಂಡು ಹೊರಬಂದರು, ಆದರೆ ಚಿತ್ರದೊಳಗಿನ ಗಂಡಸರು ಬದಲಾಗಬೇಕಾದ ಒತ್ತಡ ಅಲ್ಲಿ ಹುಟ್ಟಲಿಲ್ಲ. ಹೆಣ್ಣಿನ ನೋವನ್ನು ಅವರಷ್ಟು ಹತ್ತಿರದಿಂದ ಕೇಳಿಸಿಕೊಂಡ ನಿರ್ದೇಶಕರು ಕನ್ನಡದ ಜನಪ್ರಿಯ ಧಾರೆಯಲ್ಲಿ ಇನ್ನೊಬ್ಬರಿಲ್ಲ. ಆ ನೋವಿನಿಂದ ಹೊರಗೆ ಬರುವ ದಾರಿಯನ್ನು ಮಾತ್ರ ಅವರ ಚಿತ್ರಗಳು ಅಪರೂಪಕ್ಕೆ ತೋರಿಸಿದವು.

ವಿಧವೆಯರ ಬಗ್ಗೆ ಕನ್ನಡದಲ್ಲಿ ಇಷ್ಟೊಂದು ಚಿತ್ರಗಳು ಯಾಕೆ?

ಗಂಡನಿಲ್ಲದ ಹೆಣ್ಣಿನ ಮುಂದೆ ಕುಟುಂಬದ ಎಲ್ಲ ನಿಯಮಗಳೂ ಬೆತ್ತಲಾಗುತ್ತವೆ. 'ಘಟಶ್ರಾದ್ಧ'ದಲ್ಲಿ (1977) ಬಸಿರಾದ ಯುವ ವಿಧವೆ ಯಮುನಾಳಿಗೆ, ಅವಳು ಬದುಕಿರುವಾಗಲೇ ತಂದೆ ಶ್ರಾದ್ಧ ಮಾಡುತ್ತಾರೆ. ಯು.ಆರ್. ಅನಂತಮೂರ್ತಿಯವರ ಈ ಕಥೆಯನ್ನು ಕಾಸರವಳ್ಳಿ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ತೋರಿಸಿದರು. ಏನೂ ಮಾಡಲಾಗದ ಮಗುವಿನ ಜೊತೆ ನಾವೂ ನಿಂತು ನೋಡಬೇಕಾಗುತ್ತದೆ.

ಪ್ರೇಮಾ ಕಾರಂತರ 'ಫಣಿಯಮ್ಮ' (1983) ಬೇರೆ ದಾರಿ ಹಿಡಿಯುತ್ತದೆ. ಎಂ.ಕೆ. ಇಂದಿರಾ ಅವರ ಕಾದಂಬರಿ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಮುದುಕಿಯಾದ ಹೆಂಗಸು. ಅವಳು ಯಾರ ಮೇಲೂ ಕೂಗಾಡುವುದಿಲ್ಲ. ಆದರೆ ಹೆರಿಗೆಯ ಸಂಕಟದಲ್ಲಿದ್ದ ದಲಿತ ಹೆಂಗಸಿನ ನೆರವಿಗೆ ಮಡಿ ಮೀರಿ ಹೋಗುತ್ತಾಳೆ. ಇನ್ನೊಬ್ಬ ಯುವ ವಿಧವೆ ತಲೆ ಬೋಳಿಸಿಕೊಳ್ಳಲಾರೆ ಎಂದು ಹಟ ಹಿಡಿದಾಗ, ತಾನು ಪಟ್ಟದ್ದನ್ನು ಇವಳೂ ಪಡಲಿ ಎನ್ನದೆ ಅವಳ ಪರ ನಿಲ್ಲುತ್ತಾಳೆ. ಅನ್ಯಾಯವನ್ನು ಅನುಭವಿಸಿದವಳು ಅದನ್ನು ಮುಂದಿನವಳಿಗೆ ದಾಟಿಸದೆ ತನ್ನಲ್ಲೇ ನಿಲ್ಲಿಸುವುದು ಕುಟುಂಬದ ಕಥೆಗಳಲ್ಲಿ ತೀರಾ ಅಪರೂಪ.

ಮಂಸೋರೆಯವರ 'ನಾತಿಚರಾಮಿ' (2018) ಇದೇ ಪ್ರಶ್ನೆಯನ್ನು ಇವತ್ತಿನ ನಗರಕ್ಕೆ ತರುತ್ತದೆ. ಗೌರಿ ಕೆಲಸದಲ್ಲಿದ್ದಾಳೆ, ದುಡ್ಡಿದೆ, ಮನೆಯಿದೆ. ಗಂಡನ ನೆನಪೂ ದೇಹದ ಬಯಕೆಯೂ ಒಟ್ಟಿಗೇ ಇವೆ. ಎರಡರಲ್ಲಿ ಒಂದು ಸುಳ್ಳು ಎಂದು ಚಿತ್ರ ಹೇಳುವುದಿಲ್ಲ.

ಅತ್ತೆ-ಸೊಸೆ ಜಗಳವನ್ನು ಸ್ತ್ರೀವಾದ ಹೇಗೆ ನೋಡುತ್ತದೆ? ಹೆಣ್ಣಿಗೆ ಹೆಣ್ಣೇ ಶತ್ರು ಅಲ್ಲವೇ?

ಜಗಳವಾಡುವ ಇಬ್ಬರನ್ನು ಫ್ರೇಮಿನ ನಡುವೆ ನಿಲ್ಲಿಸಿದಾಗ ಹೊರಗುಳಿದವರು ಯಾರು ಎಂದು ನೋಡಿ. ಮಾವ ಪೇಪರ್ ಓದುತ್ತಿರುತ್ತಾನೆ, ಮಗ ಆಫೀಸಿಗೆ ಹೊರಟಿರುತ್ತಾನೆ. ಮನೆಯ ಹಣ, ಹೆಸರು, ಆಸ್ತಿ ಅವರ ಕೈಯಲ್ಲಿ. ಅತ್ತೆಗೆ ಸಿಕ್ಕಿರುವ ಒಂದೇ ಅಧಿಕಾರ ಅಡುಗೆಮನೆಯದು, ಸೊಸೆ ಬಂದು ಅದಕ್ಕೂ ಪಾಲು ಕೇಳುತ್ತಾಳೆ. ಸೀಮಿತ ಜಾಗಕ್ಕಾಗಿ ನಡೆಯುವ ಈ ಹೋರಾಟವನ್ನು ಹೆಂಗಸರ ಹುಟ್ಟುಗುಣ ಎಂದು ತೋರಿಸಿದರೆ ಜಾಗವನ್ನು ಸೀಮಿತಗೊಳಿಸಿದವರು ಸುಲಭವಾಗಿ ಪಾರಾಗುತ್ತಾರೆ.

ಅಣ್ಣ-ತಂಗಿ ಸೆಂಟಿಮೆಂಟ್ ಚಿತ್ರಗಳಲ್ಲಿ ಏನು ತಪ್ಪು? ಅದು ನಮ್ಮ ಸಂಸ್ಕೃತಿಯಲ್ಲವೇ?

ತವರಿನ ನೆನಪು ನಮ್ಮ ಜನಪದದ ಜೀವಾಳ. ಆ ಪ್ರೀತಿ ಸುಳ್ಳಲ್ಲ, ಅದನ್ನು ತೆರೆಯ ಮೇಲೆ ನೋಡಿ ಅತ್ತ ಹೆಂಗಸರ ಕಣ್ಣೀರೂ ಸುಳ್ಳಲ್ಲ. ಗಂಡನ ಮನೆಯಲ್ಲಿ ತನ್ನವರು ಎನ್ನುವವರೇ ಇಲ್ಲದ ಹೆಣ್ಣಿಗೆ ಅಣ್ಣ ಎಂಬುದು ದೊಡ್ಡ ಆಸರೆ.

ಆದರೆ ಆ ಆಸರೆಯ ಸ್ವರೂಪ ಗಮನಿಸಿ. 'ತವರಿಗೆ ಬಾ ತಂಗಿ' (2002) ಬಂದ ಕಾಲದ ಈ ಬಗೆಯ ಚಿತ್ರಗಳಲ್ಲಿ ತಂಗಿಗೆ ಸಿಗುವುದು ಸೀರೆ, ಅರಿಶಿನ ಕುಂಕುಮ, ಉಡಿ ತುಂಬಿದ ಅಕ್ಕಿ, ಅಣ್ಣನ ಕಣ್ಣೀರು. ಅವಳ ಸಂಸಾರ ಸರಿಯಾಗಲೆಂದು ಅಣ್ಣ ತಲೆ ತಗ್ಗಿಸುತ್ತಾನೆ, ಏಟು ತಿನ್ನುತ್ತಾನೆ. ಆದರೆ ಆ ಮನೆಯಲ್ಲಿ ಅವಳಿಗೂ ಒಂದು ಪಾಲಿದೆ ಎಂಬ ಮಾತು ಬರುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ತಂಗಿ ಅತ್ತರೆ ಅಣ್ಣ ಒಳ್ಳೆಯವನು, ತಂಗಿ ಪಾಲು ಕೇಳಿದರೆ ತಂಗಿ ಕೆಟ್ಟವಳು ಎಂಬ ಭಾವನೆ ಎಷ್ಟು ಗಟ್ಟಿಯಾಗಿದೆ ಎಂದರೆ, ಅಣ್ಣನ ಮನಸ್ಸು ನೋಯಿಸಬಾರದೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡುವ ಅಕ್ಕತಂಗಿಯರು ಇವತ್ತಿಗೂ ನಮ್ಮ ಸುತ್ತ ಇದ್ದಾರೆ. ಸೆಂಟಿಮೆಂಟಿಗೆ ಈ ಭಾವನೆಯನ್ನು ಗಟ್ಟಿ ಮಾಡುವ ಶಕ್ತಿಯಿದೆ, ಆದ್ದರಿಂದಲೇ ಅದನ್ನು ಪ್ರಶ್ನಿಸಬೇಕು.

ಅಡುಗೆಮನೆಯನ್ನು ಇಷ್ಟು ಹೊತ್ತು ತೋರಿಸುವ ಚಿತ್ರಗಳಿಗೆ ಯಾಕೆ ಇಷ್ಟು ಮಹತ್ವ?

ಸಿನಿಮಾ ಸಾಮಾನ್ಯವಾಗಿ ಕತ್ತರಿಸಿ ಬಿಸಾಡುವ ಸಮಯ ಅದು. ಹೆಂಡತಿ ಕಾಫಿ ತರುತ್ತಾಳೆ. ಕಾಫಿ ಮಾಡಿದ್ದು, ಲೋಟ ತೊಳೆದದ್ದು ಕಾಣುವುದಿಲ್ಲ. ಬೆಲ್ಜಿಯಂನ ಶಾಂತಾಲ್ ಅಕರ್ಮನ್ 1975ರಲ್ಲಿ ಮಾಡಿದ 'ಝಾನ್ ದೀಲ್ಮನ್' ಸುಮಾರು 200 ನಿಮಿಷ ಒಬ್ಬ ವಿಧವೆ ತಾಯಿಯ ಮೂರು ದಿನಗಳನ್ನು ತೋರಿಸುತ್ತದೆ. ಆಲೂಗಡ್ಡೆ ಸುಲಿಯುವುದು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ನಾವೂ ನೋಡಬೇಕು. 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲಿ 2022ರಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಹೆಣ್ಣೊಬ್ಬಳು ನಿರ್ದೇಶಿಸಿದ ಚಿತ್ರ ಆ ಜಾಗಕ್ಕೆ ಬಂದದ್ದು ಅದೇ ಮೊದಲು.

ನಮಗೆ ಹತ್ತಿರದ ಉದಾಹರಣೆ ಜಿಯೋ ಬೇಬಿಯವರ ಮಲಯಾಳಂ ಚಿತ್ರ 'ದ ಗ್ರೇಟ್ ಇಂಡಿಯನ್ ಕಿಚನ್' (2021). ಅದರಲ್ಲಿ ಸೋರುವ ಸಿಂಕ್ ಒಂದಿದೆ. ಪ್ಲಂಬರ್ ಕರೆಸಿ ಎಂದು ಹೆಂಡತಿ ಹೇಳುತ್ತಾಳೆ, ಗಂಡ ಮರೆಯುತ್ತಾನೆ. ಮತ್ತೆ ಹೇಳುತ್ತಾಳೆ, ಮತ್ತೆ ಮರೆಯುತ್ತಾನೆ. ಕೆಳಗೆ ಬಕೆಟ್ ಇಟ್ಟು ಕೊಳಕು ನೀರನ್ನು ಹಿಡಿಯುವುದು, ಸುರಿಯುವುದು ಅವಳ ದಿನಚರಿಯಾಗುತ್ತದೆ. ಮಾವ ಬೈಯುವುದಿಲ್ಲ, ಕೈ ಎತ್ತುವುದಿಲ್ಲ. ಅನ್ನ ಸೌದೆ ಒಲೆಯಲ್ಲಿ ಬೇಯಿಸಿದರೆ ಚೆನ್ನ, ಚಟ್ನಿ ಕಲ್ಲಲ್ಲಿ ಅರೆದರೆ ಚೆನ್ನ, ಬಟ್ಟೆ ಕೈಯಲ್ಲಿ ಒಗೆದರೆ ಚೆನ್ನ ಎಂದು ಮೆಲ್ಲಗೆ ಹೇಳುತ್ತಾನೆ ಅಷ್ಟೆ. ಕೊನೆಗೆ ಆ ಬಕೆಟ್ಟಿನ ನೀರು ಇಬ್ಬರ ಮುಖಕ್ಕೂ ಬೀಳುತ್ತದೆ, ಅವಳು ಮನೆಯಿಂದ ಹೊರಡುತ್ತಾಳೆ. ಈ ಮನೆಯಲ್ಲಿ ಹೊಡೆಯುವ ಕುಡುಕ ಗಂಡನಿಲ್ಲ, ವರದಕ್ಷಿಣೆಯ ರಾಕ್ಷಸರಿಲ್ಲ. ಓದಿದ, ಮೆಲುದನಿಯ, ಊರಲ್ಲಿ ಒಳ್ಳೆಯ ಹೆಸರಿರುವ ಮನೆಯಿದು. ಪ್ರೇಕ್ಷಕರಿಗೆ ಚುಚ್ಚಿದ್ದೂ ಅದೇ, ಏಕೆಂದರೆ ಈ ಮನೆ ನಮ್ಮದಲ್ಲ ಎನ್ನುವುದು ಕಷ್ಟವಾಯಿತು.

ಹೆಣ್ಣು ದುಡಿಯಲು ಶುರು ಮಾಡಿದರೆ ಸಿನಿಮಾದ ಕುಟುಂಬ ಬದಲಾಗುತ್ತದೆಯೇ?

ಸತ್ಯಜಿತ್ ರಾಯ್ ಅವರ 'ಮಹಾನಗರ' (1963) ಈ ಪ್ರಶ್ನೆಗೆ ಇವತ್ತಿಗೂ ಒಳ್ಳೆಯ ಉತ್ತರ. ಕಲ್ಕತ್ತೆಯ ಕೆಳಮಧ್ಯಮ ವರ್ಗದ ಆರತಿ ಮನೆ ಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುವ ಕೆಲಸಕ್ಕೆ ಸೇರುತ್ತಾಳೆ. ಮೊದಲ ಸಂಬಳ ಕೈಗೆ ಬಂದಾಗ ಆಫೀಸಿನ ಕನ್ನಡಿಯ ಮುಂದೆ ನಿಂತು ಹೊಸ ನೋಟುಗಳನ್ನು ಹಿಡಿದು ತನ್ನನ್ನೇ ನೋಡಿಕೊಳ್ಳುತ್ತಾಳೆ. ಅಲ್ಲಿ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಕೆಲಸ ಬಿಡಲು ಗಂಡ ಹೇಳುತ್ತಾನೆ, ಅಷ್ಟರಲ್ಲಿ ಅವನದೇ ಬ್ಯಾಂಕ್ ಕೆಲಸ ಹೋಗುತ್ತದೆ, ಅವಳ ಸಂಬಳವೇ ಮನೆಗೆ ಆಧಾರವಾಗುತ್ತದೆ. ಇಷ್ಟಾದ ಮೇಲೆ, ಆಂಗ್ಲೋ ಇಂಡಿಯನ್ ಸಹೋದ್ಯೋಗಿ ಎಡಿತ್‌ಗೆ ಆದ ಅನ್ಯಾಯವನ್ನು ಸಹಿಸದೆ ಆರತಿ ರಾಜೀನಾಮೆ ಕೊಡುತ್ತಾಳೆ. ತನ್ನ ನ್ಯಾಯಬುದ್ಧಿಯಿಂದ, ಇನ್ನೊಬ್ಬ ಹೆಣ್ಣಿಗಾಗಿ ತೆಗೆದುಕೊಂಡ ತೀರ್ಮಾನ ಅದು. ಸಂಬಳದಿಂದ ಆರತಿಗೆ ಸ್ವಾತಂತ್ರ್ಯದ ಬಾಗಿಲು ತೆರೆಯಿತು ನಿಜ, ಆದರೆ ಅವಳು ಸ್ವತಂತ್ರಳಾದದ್ದು ಆ ರಾಜೀನಾಮೆಯಲ್ಲಿ.

ಮನೆ ಬಿಟ್ಟು ಹೋಗುವುದೇ ಬಿಡುಗಡೆಯೇ? ಸ್ತ್ರೀವಾದ ಕುಟುಂಬವನ್ನು ಒಡೆಯುತ್ತದೆ ಎನ್ನುತ್ತಾರಲ್ಲ?

ಮಹೇಶ್ ಭಟ್ಟರ 'ಅರ್ಥ್' (1982) ಚಿತ್ರದಲ್ಲಿ ಬಿಟ್ಟುಹೋದ ಗಂಡ ಮರಳಿ ಬಂದಾಗ ಪೂಜಾ ಒಂದೇ ಪ್ರಶ್ನೆ ಕೇಳುತ್ತಾಳೆ: ನೀನು ಮಾಡಿದ್ದನ್ನು ನಾನು ಮಾಡಿದ್ದರೆ ನೀನು ನನ್ನನ್ನು ಸೇರಿಸಿಕೊಳ್ಳುತ್ತಿದ್ದೆಯಾ? ಅವನು ಇಲ್ಲ ಎನ್ನುತ್ತಾನೆ. ಅವಳು ಹೊರಡುತ್ತಾಳೆ. ಅಲ್ಲಿ ಕುಟುಂಬವನ್ನು ಒಡೆದದ್ದು ಅವಳ ಪ್ರಶ್ನೆಯಲ್ಲ, ಅವನ ಉತ್ತರ.

ಎಲ್ಲ ಹೆಂಗಸರಿಗೂ ಹೊರಡಲು ಜಾಗವಿರುವುದಿಲ್ಲ ಎಂಬುದೂ ನಿಜ. ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ 'ದ್ವೀಪ' (2002) ನನಗೆ ಮುಖ್ಯವಾಗುವುದು ಇಲ್ಲೇ. ಅಣೆಕಟ್ಟಿನ ನೀರು ಏರಿ ಊರು ಮುಳುಗುತ್ತಿದೆ. ಎಲ್ಲರೂ ಹೋದ ಮೇಲೂ ಗಂಡ ಗಣಪನ ಜೊತೆ ನಾಗಿ ಉಳಿಯುತ್ತಾಳೆ. ಸುತ್ತ ನೀರು, ಬಿಡದ ಮಳೆ. ಗಂಡ ಕೈಚೆಲ್ಲಿ ಕೂತಾಗ ಮನೆಯನ್ನೂ ಜೀವಗಳನ್ನೂ ಉಳಿಸಲು ಹಗಲಿರುಳು ಬಡಿದಾಡಿದವಳು ಅವಳು. ಮಳೆ ನಿಂತು ನೀರು ಇಳಿಯುತ್ತದೆ. ಅವಳ ಮುಖದಲ್ಲಿ ಗೆದ್ದ ಸಂತೋಷ. ಆಗ ಗಣಪ, ಎಲ್ಲ ದೇವರ ದಯೆ ಎನ್ನುತ್ತಾನೆ. ನಾಗಿಯಾಗಿ ನಟಿಸಿದ ಸೌಂದರ್ಯ ಅವರ ಮುಖ ಅಲ್ಲಿ ಕುಗ್ಗುವುದನ್ನು ನೋಡಬೇಕು. ಪ್ರವಾಹಕ್ಕೆ ಸೋಲದವಳು ಆ ಒಂದು ಮಾತಿಗೆ ಸೋಲುತ್ತಾಳೆ. ಅವಳು ಮನೆ ಬಿಡಬೇಕು ಎಂದು ಚಿತ್ರ ಹೇಳುವುದಿಲ್ಲ. ಅವಳ ದುಡಿಮೆಗೆ ಅವಳ ಹೆಸರು ಸಿಗಬೇಕಿತ್ತು ಎಂದಷ್ಟೇ ಹೇಳುತ್ತದೆ, ಅಷ್ಟೂ ಸಿಗದ ಮನೆಗಳು ಎಷ್ಟಿವೆ ಎಂದು ನೋಡುವವರು ಲೆಕ್ಕ ಹಾಕಬೇಕಾಗುತ್ತದೆ. ಈ ಚಿತ್ರವನ್ನು ನಿರ್ಮಿಸಿದವರೂ ಸೌಂದರ್ಯ ಅವರೇ.

ಎಲ್ಲ ಹೆಂಗಸರ ಕುಟುಂಬದ ಕಥೆ ಒಂದೇ ಅಲ್ಲವಲ್ಲ?

ಖಂಡಿತ ಅಲ್ಲ. ಮೇಲಿನ ಬಹಳಷ್ಟು ಉದಾಹರಣೆಗಳು ಮೇಲುಜಾತಿ, ಮಧ್ಯಮ ವರ್ಗದ ಮನೆಗಳವು. ಇದು ನಮ್ಮ ಚಿತ್ರರಂಗದ ದೊಡ್ಡ ಕೊರತೆ. ಹೊಲ, ಗಾರ್ಮೆಂಟ್ ಕಾರ್ಖಾನೆ, ಪೌರಕಾರ್ಮಿಕರ ಬೀದಿಗಳ ಹೆಂಗಸರಿಗೆ 'ಮನೆಯಿಂದ ಹೊರಗೆ ಕಾಲಿಡುವುದು' ಹೊಸ ಪ್ರಶ್ನೆಯೇ ಅಲ್ಲ, ಅವರು ಎಂದೋ ಹೊರಗಿದ್ದಾರೆ. ಅವರ ಕಥೆ ತೆರೆಗೆ ಬರುವುದು ತೀರಾ ಕಡಿಮೆ, ಬಂದರೂ ಹೆಚ್ಚಾಗಿ ಕರುಣೆಯ ವಸ್ತುವಾಗಿ.

ಕಾಸರವಳ್ಳಿಯವರ 'ಹಸೀನಾ' (2004) ಮತ್ತು 'ಗುಲಾಬಿ ಟಾಕೀಸ್' (2008) ಈ ಕಡೆ ಗಂಭೀರ ಹೆಜ್ಜೆಗಳು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಬಂದ ಹಸೀನಾ, ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಬಿಟ್ಟುಹೋದ ಹೆಂಗಸು. ಅವಳು ನ್ಯಾಯ ಕೇಳುವುದು ಧರ್ಮದ ಒಳಗೇ, ಮಸೀದಿಯ ಹಿರಿಯರ ಮುಂದೆಯೇ. ವೈದೇಹಿಯವರ ಕಥೆಯಿಂದ ಹುಟ್ಟಿದ ಗುಲಾಬಿ, ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ. ಅವಳ ಗುಡಿಸಲಿಗೆ ಬಣ್ಣದ ಟಿವಿ ಬಂದಾಗ ಅವಳು ವಾಸಿಸುವ ದ್ವೀಪದ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಗಂಡಸರಿಲ್ಲದ ಆ ಕೋಣೆಯಲ್ಲಿ ಒಟ್ಟಿಗೆ ಕೂತು ನೋಡುವ ಹೆಂಗಸರ ಮುಖಗಳನ್ನು ಕ್ಯಾಮೆರಾ ತೋರಿಸುತ್ತದೆ. ಕಾರ್ಗಿಲ್ ಯುದ್ಧದ ದಿನಗಳ ಕೋಮು ಬಿಸಿಯಲ್ಲಿ ಅದೇ ಗುಲಾಬಿ ಊರು ಬಿಡಬೇಕಾಗುತ್ತದೆ. ಗಂಡ, ಮನೆ, ಊರು, ಧರ್ಮ ಇವು ಹೆಣ್ಣಿನ ಮೇಲೆ ಒಂದೊಂದಾಗಿ ಬೀಳುವುದಿಲ್ಲ. ಈ ಎರಡು ಪಾತ್ರಗಳಿಗೆ ತಾರಾ ಮತ್ತು ಉಮಾಶ್ರೀ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು.

ಗಂಡಸರು ಮಾಡಿದ ಚಿತ್ರ ಸ್ತ್ರೀವಾದಿ ಆಗಬಹುದೇ?

ಆಗಬಹುದು, ಮೇಲೆ ಹೇಳಿದ ಹಲವು ಚಿತ್ರಗಳೇ ಸಾಕ್ಷಿ. ಆದರೆ ಆ ಸಾಕ್ಷಿಯನ್ನು ತೋರಿಸಿ ನಿರ್ದೇಶಕಿಯರು ಬೇಡ ಎನ್ನಲಾಗದು. ಕನ್ನಡದಲ್ಲಿ ಕ್ಯಾಮೆರಾದ ಹಿಂದೆ ಹೆಂಗಸರು ಯಾವತ್ತೂ ಬೆರಳೆಣಿಕೆಯಷ್ಟೇ. ಎಂ.ವಿ. ರಾಜಮ್ಮ 1943ರಲ್ಲೇ 'ರಾಧಾರಮಣ' ಚಿತ್ರ ನಿರ್ಮಿಸಿದ್ದರು ಎಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಆದರೆ ಆ ಹಾದಿ ಅಗಲವಾಗಲಿಲ್ಲ. ಪ್ರೇಮಾ ಕಾರಂತ, 'ದೇವೀರಿ'ಯಿಂದ ಶುರು ಮಾಡಿದ ಕವಿತಾ ಲಂಕೇಶ್, ಸುಮನಾ ಕಿತ್ತೂರು, ವೈದೇಹಿಯವರ ಕಥೆಗಳನ್ನು 'ಅಮ್ಮಚ್ಚಿಯೆಂಬ ನೆನಪು' (2018) ಮಾಡಿದ ಚಂಪಾ ಶೆಟ್ಟಿ, 'ಗಂಟುಮೂಟೆ' (2019) ಮಾಡಿದ ರೂಪಾ ರಾವ್ ಇವರೆಲ್ಲ ತಮ್ಮ ತಮ್ಮ ದಾರಿ ತಾವೇ ಕಡಿದುಕೊಂಡವರು.

ವ್ಯತ್ಯಾಸ ಎಲ್ಲಿ ಕಾಣುತ್ತದೆ ಎಂದರೆ 'ಗಂಟುಮೂಟೆ'ಯಲ್ಲಿ. ಶಾಲೆಯ ದಿನಗಳ ಪ್ರೇಮಕಥೆಗಳು ಕನ್ನಡಕ್ಕೆ ಹೊಸದಲ್ಲ, ಆದರೆ ಅವೆಲ್ಲ ಹುಡುಗ ಹುಡುಗಿಯನ್ನು ನೋಡಿದ ಕಥೆಗಳು. ಇಲ್ಲಿ ನೋಡುವವಳು ಮೀರಾ, ಹೇಳುವವಳೂ ಅವಳೇ. ಬಯಸುವ ಹುಡುಗಿಯನ್ನು ಚಿತ್ರ ಶಿಕ್ಷಿಸುವುದಿಲ್ಲ, ಅವಳ ಮೇಲೆ ಕನಿಕರವನ್ನೂ ತೋರುವುದಿಲ್ಲ.

ಹುಡುಗಿ ಬೇಡ ಎಂದರೂ ಹಿಂದೆ ಬೀಳುವ ಹೀರೋಗಳ ಬಗ್ಗೆ?

ಅದು ಕಿರುಕುಳ. ಹಾಡು ಸೇರಿಸಿದರೆ ಅದು ಪ್ರೇಮವಾಗುವುದಿಲ್ಲ. ಕೊನೆಯಲ್ಲಿ ಅವಳು ಒಪ್ಪಿದಳು ಎಂದು ಕಥೆ ಬರೆದರೆ, ಅವಳು ಮೊದಲು ಹೇಳಿದ 'ಇಲ್ಲ'ಕ್ಕೆ ಅರ್ಥವಿರಲಿಲ್ಲ ಎಂದು ಸಾವಿರಾರು ಹುಡುಗರಿಗೆ ಕಲಿಸಿದಂತೆ.

ತೆರೆಯ ಮೇಲಿನ ಪಾತ್ರಕ್ಕೂ ಚಿತ್ರರಂಗದ ಒಳಗಿನ ಪರಿಸ್ಥಿತಿಗೂ ಸಂಬಂಧವಿದೆಯೇ?

ಇದೆ. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದಲ್ಲಿ (1913) ತಾರಾಮತಿಯ ಪಾತ್ರ ಮಾಡಿದವರು ಸಾಳುಂಕೆ ಎಂಬ ಗಂಡಸು. ನಟನೆ ಎಂದರೆ ಮಾನಗೇಡು ಎಂದು ಹೆಂಗಸರು ಯಾರೂ ಮುಂದೆ ಬರಲಿಲ್ಲ. ಅದೇ ವರ್ಷ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಕ್ಯಾಮೆರಾ ಮುಂದೆ ನಿಂತು ಆ ಕಟ್ಟು ಮುರಿದರು. ನೂರು ವರ್ಷ ಕಳೆದರೂ ಸೆಟ್ಟಿನಲ್ಲಿ ಶೌಚಾಲಯ, ಸುರಕ್ಷತೆ, ದೂರು ಕೊಡಲು ಒಂದು ಸಮಿತಿ ಇವುಗಳಿಗಾಗಿ ಹೆಂಗಸರು ಹೋರಾಡಬೇಕಾಗಿದೆ. ಮಲಯಾಳಂ ಚಿತ್ರರಂಗದಲ್ಲಿ ದುಡಿಯುವ ಹೆಂಗಸರ ಸಮಸ್ಯೆಗಳನ್ನು ಪರಿಶೀಲಿಸಲು ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ಹೇಮಾ ಸಮಿತಿ 2019ರ ಕೊನೆಯಲ್ಲಿ ವರದಿ ಕೊಟ್ಟಿತು. ಅದು ಹೊರಗೆ ಬರಲು 2024ರ ಆಗಸ್ಟ್ ಆಗಬೇಕಾಯಿತು. ಕೆಲಸದ ಜಾಗದಲ್ಲಿ ಮಾತಾಡಲು ಹೆದರುವ ನಟಿ, ತನ್ನ ಪಾತ್ರದ ಸಂಭಾಷಣೆ ಬದಲಿಸಿ ಎಂದು ಹೇಗೆ ಕೇಳಿಯಾಳು?

ವಿಮರ್ಶೆ ಬರೆಯುವಾಗ ಎಲ್ಲಿಂದ ಹಿಡಿಯಬೇಕು?

ಒಂದು ಸೀನ್ ಆರಿಸಿಕೊಳ್ಳಿ, ಇಡೀ ಚಿತ್ರದ ಬಗ್ಗೆ ತೀರ್ಪು ಕೊಡಲು ಹೊರಡಬೇಡಿ. ಊಟದ ಸೀನ್ ಆದರೆ ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಕ್ಯಾಮೆರಾ ಯಾರ ಎತ್ತರದಲ್ಲಿದೆ ನೋಡಿ. ಜಗಳದ ಸೀನ್ ಆದರೆ ಕೊನೆಯ ಮಾತು ಯಾರದು, ಅದಾದ ಮೇಲೆ ಯಾರ ಮುಖಕ್ಕೆ ಕಟ್ ಆಗುತ್ತದೆ ನೋಡಿ. ಅವಳು ಒಬ್ಬಳೇ ಇರುವ ಶಾಟ್ ಚಿತ್ರದಲ್ಲಿ ಎಷ್ಟಿವೆ, ಆಗ ಅವಳು ಏನು ಮಾಡುತ್ತಿದ್ದಾಳೆ ಎಂದು ಬರೆದಿಟ್ಟುಕೊಳ್ಳಿ. 'ಸಬಲೆ', 'ಅಬಲೆ' ಎಂಬ ಎರಡು ಪದಗಳನ್ನು ಬಳಸದೆ ಬರೆಯಲು ಪ್ರಯತ್ನಿಸಿ, ಬರವಣಿಗೆ ತಾನಾಗಿ ಹರಿತವಾಗುತ್ತದೆ.

ಶುರು ಮಾಡಲು ಯಾವ ಚಿತ್ರ ನೋಡಲಿ?

'ಬೆಳ್ಳಿಮೋಡ' ಮತ್ತು 'ದ್ವೀಪ'ವನ್ನು ಒಂದೇ ವಾರದಲ್ಲಿ ನೋಡಿ. ಸಾಧ್ಯವಾದರೆ ಮನೆಯವರ ಜೊತೆ ಕೂತು ನೋಡಿ, ಅಮ್ಮ, ಅತ್ತೆ, ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಚಿತ್ರ ಮುಗಿದ ಮೇಲೆ ನಿಮ್ಮ ಅಭಿಪ್ರಾಯ ಹೇಳುವ ಮೊದಲು ಅವರದನ್ನು ಕೇಳಿ. ಆಮೇಲೆ ಓದಿನ ಕಡೆ ಬನ್ನಿ: ತ್ರಿವೇಣಿಯವರ 'ಶರಪಂಜರ', ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ವೈದೇಹಿಯವರ ಕಥೆಗಳು, ಬಾನು ಮುಷ್ತಾಕ್ ಅವರ ಕಥೆಗಳು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಸಂಕಲನದಲ್ಲಿ 'ಕರಿ ನಾಗರಗಳು' ಕೂಡ ಇದೆ. ಪುಸ್ತಕದಲ್ಲಿದ್ದ ಯಾವ ಮಾತು ಚಿತ್ರಕ್ಕೆ ಬರಲಿಲ್ಲ, ಚಿತ್ರ ಹೊಸದಾಗಿ ಏನು ಸೇರಿಸಿತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಿಮ್ಮ ಮುಂದಿನ ಪ್ರಶ್ನೆಗಳು ಅಲ್ಲಿಂದಲೇ ಸಿಗುತ್ತವೆ.